ಕಲ್ಯಾಣಿಯ ಕೊನೆ

"ಒಂದ್ ಗಂಟೆ ಹೊತ್ತು ಕಣಣ್ಣ, ಅಷ್ಟೇಯ. ಆಮೇಲೆ ಬೇಕಾದ್ರೆ ಬೆಳಗಾಗಗಂಟ ಬೀಸ್ಕೊ" ಎಂದು ಭಾಗ್ಯಲಕ್ಷ್ಮಿ ಹಿಟ್ಟಿನ ಮಿಲ್ಲಿನ ಬಾಗಿಲಲ್ಲಿ ನಿಂತು ಕೂಗಿದಳು. ಮಿಲ್ಲು ಓಡುತ್ತಿತ್ತು, ಕೂಗದೆ ವಿಧಿಯಿರಲಿಲ್ಲ. ಒಳಗೆ ಜವರಯ್ಯ ಹುಬ್ಬಿಗೆ, ಮೀಸೆಗೆ, ಕಿವಿಯ ಮೇಲಿನ ಕೂದಲಿಗೆಲ್ಲ ಹಿಟ್ಟು ಮೆತ್ತಿಸಿಕೊಂಡು ಯಾರದೋ ರಾಗಿ ಸುರಿಯುತ್ತಿದ್ದ. ಬೆಳಗಿನಿಂದ ಇವಳು ಇದೇ ಮಾತು ಹೇಳಲು ಬಂದು ಹೋಗಿದ್ದು ಎಷ್ಟು ಸಲವೋ, ಇಬ್ಬರಿಗೂ ಲೆಕ್ಕ ತಪ್ಪಿತ್ತು.

"ಲೋಕವೇ ಕೇಳ್ತದೆ ಅಂತೀಯಲ್ಲಮ್ಮಿ. ಲೋಕ್ದೋರ್ಗೆ ರಾಗಿ ಬೀಸೋ ಸದ್ದು ಕೇಳುದ್ರೆ ಏನಾದದು? ಅವ್ರು ಇಟ್ಟು ಉಣ್ಣಾಕಿಲ್ವಾ?"

"ಉಣ್ಣಾಕಿಲ್ಲ ಕಣಣ್ಣ."

"ಅಯ್ಯೋ ಪಾಪ" ಎಂದು ಜವರಯ್ಯ ಮನಸಾರೆ ಮರುಗಿದ. "ಓಗು, ದೀಪ ಅಚ್ಚೋ ಹೊತ್ಗೆ ನಿಲ್ಸ್ತೀನಿ. ನಿನ್ ಗಂಡ ಊದಿ ಮುಗ್ಸಿದ್ ಮ್ಯಾಲೆ ಬಂದು ಯೋಳು."

ಊದಿ ಮುಗಿಸಲಿ ಎಂದೇ ಈ ಓಡಾಟವೆಲ್ಲ. ಅದನ್ನು ಜವರಯ್ಯನಿಗೆ ಬಿಡಿಸಿ ಹೇಳುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮನೆಯ ಕಡೆ ನಡೆದಳು.

ಭಾಗ್ಯಲಕ್ಷ್ಮಿ ಮದ್ದೂರಿನ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವವಳು. ಮಳವಳ್ಳಿಯಲ್ಲಿ ಬೆಳಗಿನ ಬಸ್ಸು ಹತ್ತಿದರೆ ತಿರುಗಿ ಮನೆ ಕಾಣುವುದು ಸಂಜೆಗೆ. ನೂರಾರು ಮಿಷನ್ನುಗಳು ಒಟ್ಟಿಗೆ ಕಿರುಚುವ ಆ ಶೆಡ್ಡಿನಲ್ಲಿ ಬಾಯಿಮಾತು ನಡೆಯುವುದಿಲ್ಲ. ನೂಲು ಮುಗಿದರೆ, ಸೂಜಿ ಮುರಿದರೆ, ಪಕ್ಕದವಳು ಯಡವಟ್ಟು ಮಾಡುತ್ತಿದ್ದರೆ, ಕೈಯನ್ನು ತಲೆಯ ಮೇಲಕ್ಕೆತ್ತಿ ಬೆರಳು ಆಡಿಸಬೇಕು. ವರ್ಷಗಟ್ಟಲೆ ಹಾಗೆ ಮಾಡಿ ಮಾಡಿ ಮನೆಯಲ್ಲೂ ಅವಳು ಅರ್ಧ ಮಾತನ್ನು ಕೈಯಲ್ಲೇ ಆಡುತ್ತಿದ್ದಳು. ಇವತ್ತು ರಜೆ ಹಾಕಿದ್ದಳು. ಹಾಕಿ ಏನು ಬಂತು? ಬೀದಿಯ ಮನೆಮನೆಗೂ ಹೋಗಿ, ಟೀವಿ ಮೆಲ್ಲಗೆ ಹಾಕಿ, ಕುಕ್ಕರು ಬೇಗ ಇಳಿಸಿ, ನಾಯಿಯನ್ನು ಹಿತ್ತಿಲಲ್ಲಿ ಕಟ್ಟಿ ಎಂದು ಬೇಡಿಕೊಂಡು ಬರುವುದರಲ್ಲಿ ಕಾಲು ಬಿದ್ದುಹೋಗಿದ್ದವು. ಎದುರು ಮನೆಯ ಶಿವನಂಜಮ್ಮನಿಗಂತೂ ಕೈ ಮುಗಿದೇ ಹೇಳಿದ್ದಳು: "ಅಕ್ಕಾ, ನಿನ್ ಫೋನಲ್ಲೇ ಬತ್ತದೆ. ಮನೇಲೇ ಕುಂತ್ಕಂಡು ನೋಡು. ಆ ಹೊತ್ನಲ್ಲಿ ಮಾತ್ರ ನಮ್ಮನೆ ಕಡೀಕೆ ಬರ್ಬ್ಯಾಡ."

ಅವಳ ಗಂಡ ಶಿವರಾಮು ಮದುವೆಮನೆಗಳಲ್ಲಿ ಸ್ಯಾಕ್ಸೋಫೋನು ನುಡಿಸುವವನು. ಮಂಡ್ಯ, ಕೆರಗೋಡು, ಕಿರುಗಾವಲು ಎಂದು ಈ ಸೀಮೆಯಲ್ಲಿ ಅವನ ವಾದ್ಯಕ್ಕೆ ತಾಳಿ ಕಟ್ಟಿಸಿಕೊಂಡವರ ಮಕ್ಕಳ ಮದುವೆಗೂ ಈಗ ಅವನೇ ಹೋಗುತ್ತಿದ್ದ. ಇಷ್ಟಾದರೂ, ಶಿವರಾಮು ನುಡಿಸಿದ್ದನ್ನು ಕೂತು ಕೇಳಿದೆ ಎನ್ನುವ ಒಬ್ಬ ನರಮನುಷ್ಯ ಈ ಜಿಲ್ಲೆಯಲ್ಲಿ ಸಿಕ್ಕುವುದು ಅನುಮಾನ. ಮದುವೆಗೆ ಓಲಗ ಎಂದರೆ ಬಾಗಿಲಿಗೆ ಬಾಳೆಕಂದು ಕಟ್ಟಿದ ಹಾಗೆ. ಇಲ್ಲದಿದ್ದರೆ ಆಗದು, ಇದ್ದರೆ ಯಾರೂ ನೋಡರು. ಜನ ಒಬ್ಬರ ಸೀರೆಯನ್ನು ಒಬ್ಬರು ತೂಗುತ್ತಾ, ತಿಂಡಿಯ ಪಂಕ್ತಿ ಯಾವಾಗ ಏಳುತ್ತದೆಂದು ಕಣ್ಣಿಡುತ್ತಾ ಕೂತಿರುವಾಗ ಅವನು ಕಲ್ಯಾಣಿ ರಾಗ ಹಿಡಿಯುತ್ತಿದ್ದ. ಅವಸರವಿಲ್ಲದೆ ಏರುತ್ತಿದ್ದ. ಇನ್ನೇನು ರಾಗ ಮೈಗೆ ಹತ್ತಿತು ಎನ್ನುವಾಗ ಪುರೋಹಿತರು ಕೈ ಎತ್ತಿ ಬೆರಳು ಆಡಿಸುತ್ತಿದ್ದರು. ಸುತ್ತಲಿನ ಹಿರಿಯರೆಲ್ಲ ತಾವೂ ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗುತ್ತಿದ್ದರು. ತಾಳಿ ಕಟ್ಟುವ ಗಳಿಗೆಯಲ್ಲಿ ಯಾರದೋ ಸೀನು, ಯಾರದೋ ಕೆಟ್ಟ ಮಾತು ಮದುಮಕ್ಕಳ ಕಿವಿಗೆ ಬೀಳಬಾರದು. ಅದನ್ನು ಮುಚ್ಚಿಹಾಕಲು ವಾದ್ಯದವರು ಇದ್ದಬದ್ದ ಉಸಿರನ್ನೆಲ್ಲ ಹಾಕಿ ಅಬ್ಬರಿಸಬೇಕು. ರಾಗ ಆಗ ಯಾವ ಸ್ವರದ ಮೇಲೆ ನಿಂತಿದೆ ಎಂದು ಕೇಳುವ ಹಾಗಿಲ್ಲ. ಕೈ ಎದ್ದಿತೋ, ಇದ್ದಲ್ಲೇ ಬಿಟ್ಟು ಹಾರಬೇಕು.

ಹಾರಿ ಹಾರಿ ಅದು ರಕ್ತಕ್ಕೇ ಇಳಿದುಹೋಗಿತ್ತು. ಅವರಿಬ್ಬರ ಮದುವೆಯಲ್ಲಿ ಪುರೋಹಿತರು ಕೈ ಎತ್ತಿದಾಗ, ತಾಳಿ ಹಿಡಿದು ನಿಂತಿದ್ದ ಗಂಡೇ ಗಲ್ಲ ಉಬ್ಬಿಸಿದನಂತೆ. ಭಾಗ್ಯಲಕ್ಷ್ಮಿಯ ಸೋದರಮಾವ ಸಾಯುವವರೆಗೂ ಆ ಕಥೆ ಹೇಳಿ ಜನರನ್ನು ನಗಿಸಿದ. ಬಸ್ಸಿನಲ್ಲಿ ಕಂಡಕ್ಟರು ರೈಟ್ ಎಂದು ಕೈ ಎತ್ತಿದರೂ ಗಂಡನ ಬೆರಳು ಮೊಣಕಾಲಿನ ಮೇಲೆ ಚಡಪಡಿಸುವುದನ್ನು ಅವಳೇ ಪಕ್ಕದಲ್ಲಿ ಕೂತು ನೋಡಿದ್ದಳು.

"ನಮ್ ಗುರುಗಳು ಯೋಳೋರು" ಎಂದು ಶಿವರಾಮು ಒಮ್ಮೆ ಅವಳ ಹತ್ತಿರ ಹೇಳಿದ್ದ. "ರಾಗ ಅಂದ್ರೆ ಊರೆಲ್ಲ ಸುತ್ಕಂಡು ಮನೇಗ್ ಬರೋದು ಕಣ್ಲಾ. ಕೆಳಗ್ಲ ಸಡ್ಜಕ್ಕೆ ಬಂದು ಚಪ್ಲಿ ಬುಡ್ಬೇಕು ಅಂತ. ನಾನು ಜನ್ರ ಮುಂದೆ ಒಂದಿನಾನೂ ಮನೇಗ್ ಬಂದಿಲ್ಲ ಕಣಮ್ಮಿ. ಯಾವಾಗ್ಲೂ ನಡ್ದಾರೀಲೇ."

"ಮನೇಲಿ ನುಡ್ಸಿ, ಯಾರ್ ಬ್ಯಾಡ ಅಂದ್ರು?"

"ಮನೇಲ್ ನುಡ್ಸುದ್ರೆ ಅದು ಸಾಧಕ ಮಾಡ್ದಂಗೆ. ಕೇಳೋರಿದ್ರೆ ತಾನೆ ಕಛೇರಿ?"

ಈ ವರ್ಷ ಅದಕ್ಕೆ ಅವಸರವೂ ಬಂದಿತ್ತು. ಅವನ ಮೇಲಿನ ಮುಂದಿನ ಹಲ್ಲುಗಳೆರಡು ಅಲ್ಲಾಡುತ್ತಿದ್ದವು. ಸ್ಯಾಕ್ಸೋಫೋನಿನ ಮೂತಿಯನ್ನು ಅದುಮಿ ಹಿಡಿಯುವುದು ಆ ಹಲ್ಲುಗಳೇ. ಕೀಳದೆ ಗತಿಯಿಲ್ಲ ಎಂದು ಹಲ್ಲಿನ ಡಾಕ್ಟರು ಹೇಳಿಬಿಟ್ಟಿದ್ದರು. ಕಟ್ಟಿಸಿಕೊಂಡ ಹಲ್ಲಿನಲ್ಲಿ ಗಟ್ಟಿಮೇಳದ ಅಬ್ಬರ ಹೇಗೋ ನಡೆದುಹೋದೀತು, ಕಲ್ಯಾಣಿಯ ನಯ ಬಂದೀತೆಂಬ ನಂಬಿಕೆ ಅವನಿಗಿರಲಿಲ್ಲ. ಕೀಳಿಸುವುದಕ್ಕೆ ಮುಂಚೆ, ಕೇಳುವವರ ಮುಂದೆ, ಒಂದೇ ಒಂದು ಸಲ ಪೂರ್ತಿ ನುಡಿಸಬೇಕು. ಅವನು ಜೀವನದಲ್ಲಿ ಕೇಳಿಕೊಂಡದ್ದು ಕಡಿಮೆ. ಇದೊಂದನ್ನು ಮಾತ್ರ ಕಾಫಿ ಕುಡಿಯುವಾಗ, ಊಟಕ್ಕೆ ಕೂತಾಗ ಸುಮ್ಮನೆ ಹೇಳಿಕೊಳ್ಳುತ್ತಿದ್ದ.

ಕೇಳುವವರು ಸಿಕ್ಕಿದ್ದು ನಾಗೇಶನಿಂದ. ನಾಗೇಶ ಮದುವೆ, ತಿಥಿ, ಗೃಹಪ್ರವೇಶಗಳನ್ನು ಇಂಟರ್‌ನೆಟ್ಟಿನಲ್ಲಿ ಲೈವ್ ಬಿಡುವ ಫೋಟೋ ಸ್ಟುಡಿಯೋದವನು. ನಿಡಘಟ್ಟದ ಒಂದು ಮದುವೆಯಲ್ಲಿ ಗಂಡಿನ ಕಡೆಯವರ ಬಸ್ಸು ಹೈವೇಯಲ್ಲಿ ಕೆಟ್ಟು ನಿಂತು, ಎರಡನೆಯ ಮುಹೂರ್ತಕ್ಕೆ ಕಾಯಬೇಕಾಗಿ ಬಂದಾಗ, ಶಿವರಾಮು ಬಹಳ ಹೊತ್ತು ಕಲ್ಯಾಣಿ ಎಳೆದಿದ್ದ. ಯಥಾಪ್ರಕಾರ ಗಟ್ಟಿಮೇಳದಲ್ಲಿ ಅದು ಮುರಿದಿತ್ತು. ನಾಗೇಶನ ಆ ಲೈವು ಹೇಗೋ ಕಡಲು ದಾಟಿ, ಲಿಸ್ಬನ್ ಎಂಬ ಊರಿನಲ್ಲಿ ದೊಡ್ಡ ತಂತಿವಾದ್ಯ ನುಡಿಸುವ ಇನೆಸ್ ಎಂಬ ಹೆಂಗಸಿನ ಕಣ್ಣಿಗೆ ಬಿತ್ತು. ಅವಳು ವರ್ಷಕ್ಕೊಂದು ದಿನ ಜಾಝ್ ಸಂಗೀತದವರದೊಂದು ಲೈವು ಕಛೇರಿ ನಡೆಸುತ್ತಿದ್ದಳು. ಯಾರೂ ಎಲ್ಲಿಗೂ ಹೋಗುವುದಿಲ್ಲ. ಅವರವರ ಮನೆಯಲ್ಲಿ, ಅವರವರ ಊರಿನಲ್ಲಿ ಹೊತ್ತು ಮುಳುಗುವಾಗ ನುಡಿಸುವುದು. ನ್ಯೂಜಿಲೆಂಡಿನಲ್ಲಿ ಶುರುವಾಗಿ, ಸೂರ್ಯ ಹೋದ ಕಡೆಯೆಲ್ಲ ಹೋಗಿ, ಬ್ರೆಜಿಲ್ಲಿನಲ್ಲಿ ಮುಗಿಯುತ್ತದೆ.

"ನಂಗೆ ಆ ಜಾಜು ಪಾಜು ಎಲ್ಲಿ ಬತ್ತದೆ ನಾಗೇಶ?" ಎಂದು ಶಿವರಾಮು ಹಿಂಜರಿದಿದ್ದ.

"ಪುಸ್ತಕ ನೋಡ್ದೆ, ಆ ಗಳಿಗೇಲಿ ಮನಸ್ಗೆ ಬಂದಿದ್ನ ಬೆಳೆಸ್ಕಂಡು ನುಡ್ಸುದ್ರೆ ಅದೇ ಜಾಜಂತೆ ಕಣಣ್ಣ."

"ಅಂಗಾರೆ ನಾವು ಇನ್ನೇನ್ ಮಾಡ್ತಾ ಇದ್ದುದ್ದು?" ಎಂದವನು ಆಮೇಲೆ ಹಿಂದಿನ ವರ್ಷಗಳ ಕಛೇರಿಗಳನ್ನೆಲ್ಲ ಫೋನಿನಲ್ಲಿ ಹಾಕಿಕೊಂಡು ಕೂತ. ಭಾಗ್ಯಲಕ್ಷ್ಮಿ ಕೆಲಸದಿಂದ ಬಂದು ಬೆಳ್ಳುಳ್ಳಿ ಸುಲಿಯುತ್ತಾ ತಾನೂ ಇಣುಕುತ್ತಿದ್ದಳು. ಒಸಾಕಾದ ಒಬ್ಬ ಮುದುಕ ಪಾತ್ರೆಗಳ ಮಧ್ಯೆ ಕೂತು ಪಿಯಾನೊ ನುಡಿಸುತ್ತಿದ್ದ. ಡಾಕರ್ ಎಂಬ ಊರಿನ ದಪ್ಪನೆಯ ಹೆಂಗಸು ಬಟ್ಟೆ ಒಣಹಾಕಿದ ತಾರಸಿಯ ಮೇಲೆ ಡ್ರಮ್ಮಿನ ಚರ್ಮವನ್ನು ಸವರುತ್ತಿದ್ದಳು. ಅವರ ನುಡಿಸಾಣಿಕೆ ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ, ನಡುನಡುವೆ ತೂಕಡಿಸಿದಳು ಕೂಡ. ಆದರೆ ಒಂದು ಮಾತ್ರ ಅವಳ ಗಮನಕ್ಕೆ ಬಂತು. ಅವರು ಸಾಕೆನ್ನಿಸಿದಾಗ ತಾವೇ ನಿಲ್ಲಿಸುತ್ತಿದ್ದರು. ನಿಲ್ಲಿಸಿದ ಮೇಲೆ ಗಳಿಗೆ ಹೊತ್ತು ಸುಮ್ಮನಿದ್ದು, ಕಣ್ಣು ಬಿಟ್ಟು ನಗುತ್ತಿದ್ದರು. ಅದನ್ನು ನೋಡಿ ಅವಳಿಗೆ ಹೊಟ್ಟೆಕಿಚ್ಚಾಯಿತು. ನನ್ನ ಗಂಡನೂ ಒಂದು ದಿನ ಹಾಗೆ ಕಣ್ಣು ಬಿಟ್ಟು ನಗಲಿ ದೇವರೇ ಎಂದುಕೊಂಡಳು.

ಮನೆಗೆ ಬಂದಾಗ ನಾಗೇಶನ ಓಮ್ನಿ ಬಾಗಿಲಲ್ಲೇ ನಿಂತಿತ್ತು. ಕರೆಂಟನ್ನು ನಂಬುವ ಹಾಗಿಲ್ಲವೆಂದು ಅವನು ವ್ಯಾನಿನ ಬ್ಯಾಟರಿಯಿಂದ ಮನೆಯೊಳಕ್ಕೆ ತಂತಿ ಎಳೆದಿದ್ದ. ಆ ದಪ್ಪ ತಂತಿ ಹೊಸಿಲ ಮೇಲೆ ಬಿದ್ದಿದ್ದರಿಂದ ಬಾಗಿಲು ಹಾಕಲಾಗುತ್ತಿರಲಿಲ್ಲ. ಒಳಗೆ ಶಿವರಾಮು ಬಿಳಿ ಪಂಚೆ ಉಟ್ಟು, ಮದುವೆಗೆ ಹಾಕುವ ಜುಬ್ಬ ತೊಟ್ಟು ಚಾಪೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಡೋಲಿನ ಮರಿಸಿದ್ದಯ್ಯ. ಇಬ್ಬರದೂ ಮೀಸೆ ಬರುವ ಮುಂಚಿನ ಜೋಡಿ. ಮರಿಸಿದ್ದಯ್ಯನ ಕಣ್ಣು ಈಗ ಮಂಜು, ಶಿವರಾಮುವಿನ ಭುಜ ನೋಡಿಕೊಂಡೇ ಅವನು ತಾಳ ಹಿಡಿಯುತ್ತಿದ್ದ.

"ಅಕ್ಕ, ನೀವು ಒಳಗ್ ಇದ್ಬುಡಿ" ಎಂದ ನಾಗೇಶ, ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ ಹೊಂದಿಸುತ್ತಾ.

"ಬ್ಯಾಡ, ಇಲ್ಲೇ ಇರ್ಲಿ" ಎಂದ ಶಿವರಾಮು. "ಆ ಡಬ್ಬದ್ ಮಕ ನೋಡ್ಕಂಡು ನುಡ್ಸಕ್ಕಾಗಾಕಿಲ್ಲ ಕಣಪ್ಪ. ಎದ್ರುಗೆ ಒಬ್ರು ಮನ್ಸರು ಬೇಕು. ಬಾಗ್ಯಾ, ಬಾಗ್ಲತ್ರ ಕುಂತ್ಕೊ. ನಂಗೆ ಕಾಣಂಗೆ."

ಹಾಗೆ ಅವಳು ಲ್ಯಾಪ್‌ಟಾಪಿನ ಹಿಂದೆ, ಹೊಸಿಲ ಪಕ್ಕದಲ್ಲಿ, ಗಂಡನಿಗೆ ನೇರವಾಗಿ ಕೂತಳು. ಕೂತ ಮೇಲೆ ಸೊಂಟ ಎಷ್ಟು ನೋಯುತ್ತಿದೆ ಎಂದು ತಿಳಿಯಿತು. ಹೊರಗೆ ಬೆಳಕು ಕಂದುತ್ತಿತ್ತು. ಮಿಲ್ಲು ಗರಗರ ಎನ್ನುತ್ತಾ ಎನ್ನುತ್ತಾ ನಿಂತಿತು. ಅದು ನಿಂತ ಮೇಲೆ ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದ ಹಾಗಾಯಿತು. ಜವರಯ್ಯ ಮಾತಿಗೆ ತಪ್ಪುವವನಲ್ಲ ಎಂದು ಅವಳು ಮನಸ್ಸಿನಲ್ಲೇ ಅವನಿಗೆ ಒಳ್ಳೆಯದನ್ನು ಬಯಸಿದಳು.

ಲ್ಯಾಪ್‌ಟಾಪಿನಿಂದ ಇನೆಸಳ ದನಿ ಬಂತು. ಇಂಗ್ಲಿಷಿನಲ್ಲಿ ಏನೇನೋ ಹೇಳಿ, ನಡುವೆ "ಶಿವರಾಮು" ಎಂದಳು, "ಮಳವಳ್ಳಿ" ಎಂದಳು. ಆ ಬಾಯಲ್ಲಿ ತಮ್ಮೂರಿನ ಹೆಸರು ಕೇಳಿ ಮರಿಸಿದ್ದಯ್ಯ ಫಕ್ಕನೆ ನಕ್ಕ. ನಾಗೇಶ ಕಿವಿಗೆ ಹೆಡ್‌ಫೋನು ಏರಿಸಿ, ಉಳಿದವರ ಮುಖಗಳನ್ನೆಲ್ಲ ಲ್ಯಾಪ್‌ಟಾಪಿನ ಪರದೆಯಲ್ಲಿ ಕಾಣದ ಹಾಗೆ ಮುಚ್ಚಿ, ತಲೆಯಾಡಿಸಿದ. ಶ್ರುತಿಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಶಿವರಾಮು ಅಲ್ಲಾಡುವ ಹಲ್ಲನ್ನು ನಾಲಿಗೆಯಿಂದ ಒಮ್ಮೆ ಮುಟ್ಟಿ ನೋಡಿಕೊಂಡು, ಹೆಂಡತಿಯ ಮುಖ ನೋಡಿ, ಊದಿದ.

ರಾಗದ ಲೆಕ್ಕಾಚಾರ ಭಾಗ್ಯಲಕ್ಷ್ಮಿಗೆ ತಿಳಿಯದು. ಆದರೆ ಈ ಕಲ್ಯಾಣಿಯ ದಾರಿ ಅವಳಿಗೆ ಕೆಲಸಕ್ಕೆ ಹೋಗುವ ರಸ್ತೆಯಷ್ಟೇ ಗೊತ್ತು. ಇಲ್ಲಿ ಸ್ವಲ್ಪ ತಡೆಯುತ್ತಾನೆ, ಇಲ್ಲಿ ತಿರುಗುತ್ತಾನೆ, ಇಲ್ಲಿ ಹಿಂದೆ ನೋಡುತ್ತಾನೆ. ಮದುವೆಗಳಲ್ಲಿ ಕೈ ಏಳುವ ಜಾಗ ಬಂತು. ಯಾವ ಕೈಯೂ ಏಳಲಿಲ್ಲ. ರಾಗ ಆ ಜಾಗವನ್ನು ದಾಟಿ ಮುಂದಕ್ಕೆ ಹೋಯಿತು. ದಾಟಿದ್ದು ಶಿವರಾಮುವಿಗೂ ತಿಳಿದಿರಬೇಕು, ಅವನ ಹುಬ್ಬಿನ ಗಂಟು ಸಡಿಲವಾಯಿತು. ಅಲ್ಲಿಂದ ಮುಂದೆ ಅವಳು ಕಾಣದ ಊರು. ಅವನು ಮೇಲೆ ಹೋಗಿ ಒಂದೇ ಸ್ವರದ ಮೇಲೆ ನಿಂತ, ಉಸಿರು ಎಲ್ಲಿಂದ ಬರುತ್ತಿದೆಯೋ ಎನ್ನುವ ಹಾಗೆ ನಿಂತೇ ಇದ್ದ. ಮರಿಸಿದ್ದಯ್ಯ ಡೋಲಿನ ಮೇಲೆ ಬರಿಯ ಬೆರಳ ತುದಿ ಆಡಿಸುತ್ತಿದ್ದ. ಆಮೇಲೆ ಶಿವರಾಮು ಇಳಿಯಲು ಶುರುಮಾಡಿದ. ಏರಿದ ದಾರಿಯಲ್ಲಲ್ಲ, ಬೇರೆ ದಾರಿಯಲ್ಲಿ, ಒಂದೊಂದೇ ಮೆಟ್ಟಿಲು. ಈ ಗಂಡಸಿನ ಜೊತೆ ಇಷ್ಟು ವರ್ಷ ಬಾಳಿದರೂ ಇವನೊಳಗೆ ಇದು ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂದವು. ಅವನು ಅರೆಗಣ್ಣಿನಲ್ಲಿ ಅವಳ ಕಡೆಗೇ ನೋಡುತ್ತಿದ್ದ.

ಆಗ ಹೊರಗೆ ಚಪ್ಪಲಿಯ ಸದ್ದಾಯಿತು.

ಶಿವನಂಜಮ್ಮ. ಕೈಯಲ್ಲಿ ಫೋನು ಹಿಡಿದು, ಮುಖವೆಲ್ಲ ಹಿಗ್ಗಾಗಿ, ಓಡಿ ಬರುತ್ತಿದ್ದಳು. ಫೋನಿನಲ್ಲಿ ಶಿವರಾಮು ನುಡಿಸುತ್ತಿದ್ದ. ಲೈವು ಎಂದರೂ ಅದು ಅರ್ಧ ನಿಮಿಷ ಹಿಂದೆ ಬರುತ್ತದೆ. ಒಳಗೆ ಇಳಿಯುತ್ತಿದ್ದ ರಾಗ ಅವಳ ಕೈಯಲ್ಲಿ ಇನ್ನೂ ಮೇಲೆಯೇ ನಿಂತಿತ್ತು. ಅಷ್ಟು ಜೋರು ದನಿ ಇಟ್ಟುಕೊಂಡು ಅವಳು ಹೊಸಿಲ ಹತ್ತಿರಕ್ಕೆ ಬಂದೇಬಿಟ್ಟಳು. "ಬಾಗ್ಯಾ, ಇಲ್ನೋಡು, ನಿಮ್ಮನೆಯವ್ರು..." ಎಂದು ಬಾಯಿ ತೆರೆದಳು.

ಭಾಗ್ಯಲಕ್ಷ್ಮಿ ಬಾಯಿ ತೆರೆಯುವ ಹಾಗಿರಲಿಲ್ಲ. ಶೆಡ್ಡಿನಲ್ಲಿ ಮಾಡುವುದನ್ನೇ ಮಾಡಿದಳು. ಬಾಗಿಲ ಕಡೆ ತಿರುಗಿ ಕೈಯನ್ನು ತಲೆಯ ಮೇಲಕ್ಕೆತ್ತಿ, ನಿಲ್ಲು, ಬರಬೇಡ ಎಂದು ಬೆರಳುಗಳನ್ನು ಬಿರಬಿರನೆ ಆಡಿಸಿದಳು.

ಬೆನ್ನ ಹಿಂದೆ ಗಟ್ಟಿಮೇಳ ಸಿಡಿಯಿತು.

ಸ್ಯಾಕ್ಸೋಫೋನು ಚೀರಿ ಮೇಲಕ್ಕೆ ನೆಗೆಯಿತು. ಶಿವರಾಮುವಿನ ಭುಜ ನೆಗೆದದ್ದನ್ನು ಕಂಡ ಮರಿಸಿದ್ದಯ್ಯನ ಎರಡೂ ಕೈ ಡೋಲಿನ ಮೇಲೆ ಬಿದ್ದವು. ಗೋಡೆಯ ಕ್ಯಾಲೆಂಡರು ಅದುರುವಷ್ಟು ಸದ್ದು. ಭಾಗ್ಯಲಕ್ಷ್ಮಿ ತಿರುಗಿ ನೋಡಿದಳು. ಗಂಡನ ಕಣ್ಣು ಈಗ ಪೂರ್ತಿ ತೆರೆದಿತ್ತು. ಅವನಿಗೂ ತಿಳಿದಿತ್ತು. ತಿಳಿದರೂ ನಿಲ್ಲಿಸಲಾಗುತ್ತಿರಲಿಲ್ಲ, ಗಟ್ಟಿಮೇಳ ಶುರುವಾದ ಮೇಲೆ ತಾಳಿಯ ಮೂರು ಗಂಟು ಬೀಳುವವರೆಗೆ ನಿಲ್ಲಿಸಬಾರದು. ಅವಳ ಕೈ ಇನ್ನೂ ಮೇಲೆಯೇ ಇತ್ತು. ಯಾರದೋ ಕೈಯನ್ನು ನೋಡಿದ ಹಾಗೆ ಅದನ್ನು ನೋಡಿ, ಕೆಳಗಿಳಿಸಿದಳು. ಅವನೂ ನಿಲ್ಲಿಸಿದ. ಶ್ರುತಿಪೆಟ್ಟಿಗೆಯೊಂದೇ ಉಳಿಯಿತು. ಹೊಸಿಲಾಚೆ ಶಿವನಂಜಮ್ಮನ ಫೋನಿನಲ್ಲಿ ಕಲ್ಯಾಣಿ ಇನ್ನೂ ಮೆಲ್ಲಗೆ ಇಳಿಯುತ್ತಿತ್ತು. ಎಲ್ಲೋ ಒಂದು ಕಡೆ ಅದು ಹಾಗೇ ಇಳಿದು ಮನೆ ಮುಟ್ಟಿಬಿಡಲಿ ಎಂದು ಭಾಗ್ಯಲಕ್ಷ್ಮಿ ಹುಚ್ಚಿಯ ಹಾಗೆ ಆಸೆಪಟ್ಟಳು. ಅಲ್ಲೂ ಗಟ್ಟಿಮೇಳ ಬಂತು.

ನಾಗೇಶ ಎದ್ದು ಕುಣಿಯುವುದೊಂದು ಬಾಕಿ. ಮುಚ್ಚಿದ್ದ ಮುಖಗಳನ್ನೆಲ್ಲ ಪರದೆಯ ಮೇಲೆ ತಂದ. ಅವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಡಾಕರಿನ ಹೆಂಗಸು ಎದ್ದು ನಿಂತಿದ್ದಳು. ಇನೆಸ್ ಎದೆಯ ಮೇಲೆ ಕೈಯಿಟ್ಟುಕೊಂಡು ಏನೋ ಹೇಳುತ್ತಿದ್ದಳು.

"ಕೊನೆಗಂತೂ ಮೈ ಜುಂ ಅಂತಂತೆ ಕಣಣ್ಣ!" ನಾಗೇಶ ಕನ್ನಡಕ್ಕೆ ತಿರುಗಿಸಿ ಹೇಳಿದ. "ಅಷ್ಟು ಮೆತ್ತಗೆ ಇಳೀತಾ ಇಳೀತಾ ಅಂಗೆ ಸಿಡಿಯೋ ಧೈರ್ಯ ಯಾರ್ಗೂ ಬರಾಕಿಲ್ಲ ಅಂತಾವ್ರೆ. ಅದ್ಯಾಕ್ ಅಂಗ್ ಮಾಡುದ್ರಿ, ಏನರ್ಥ ಅಂತ ಕೇಳ್ತಾವ್ರೆ. ಏನ್ ಯೋಳ್ಲಿ?"

"ಸಂತೋಸ ಆಯ್ತು ಅಂತ ಯೋಳು" ಎಂದು ಶಿವರಾಮು ಪರದೆಗೆ ಕೈ ಮುಗಿದ.

ಕಛೇರಿ ಪಡುವಣಕ್ಕೆ, ಮುಂದಿನ ಊರಿಗೆ ಹೊರಟುಹೋಯಿತು. ನಾಗೇಶ ತಂತಿ ಸುತ್ತಿದ. ಶಿವನಂಜಮ್ಮ ಒಳಗೆ ಬಂದು, ತನ್ನ ಫೋನಿನಲ್ಲಿ ಬಿದ್ದಿದ್ದ ಹೃದಯದ ಗುರುತುಗಳನ್ನೆಲ್ಲ ತೋರಿಸಿ, ಬೀದಿಗೇ ಮರ್ಯಾದೆ ಬಂತು ಎಂದು ಹೇಳಿ, ಒಲೆಯ ಮೇಲೆ ಸಾರಿಟ್ಟು ಬಂದದ್ದು ನೆನಪಾಗಿ ಓಡಿದಳು. ಅವಳನ್ನು ಬಯ್ಯಬೇಕೆಂದು ಭಾಗ್ಯಲಕ್ಷ್ಮಿಗೆ ಅನ್ನಿಸಲೇ ಇಲ್ಲ. ಪಾಪ, ಖುಷಿಗೆ ಬಂದವಳು. ಕಾಫಿ ಸೋಸಿ ತಂದು ಕೊಟ್ಟಳು.

ಮರಿಸಿದ್ದಯ್ಯ ಡೋಲನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಾ, ತಡೆಯಲಾರದೆ ಕೇಳಿದ. "ಲೇ ಶಿವರಾಮು, ಇನ್ನೂ ಕೆಳೀಕೆ ಬರೋದಿತ್ತಲ್ಲಲಾ. ಯಾಕ್ ಅಲ್ಲಿಂದ್ಲೇ ಗಟ್ಟಿಮೇಳಕ್ಕೆ ಆರ್ಬುಟ್ಟೆ? ನೀನ್ ಆರ್ದೆ ಅಂತ ನಾನೂ ಬಡ್ದೆ."

ಶಿವರಾಮು ಲೋಟದಿಂದ ಬಾಯಿ ತೆಗೆಯದೆ ಹೇಳಿದ. "ಪರದೇಲಿ ಕೆಳಗ್ಡೆ ಮೂಲೇಲಿ ಒಬ್ಬ ಮುದ್ಕ ಇದ್ನಲ್ಲ, ಅವ್ನು ಕೈ ಎತ್ತುದ ಕಣ್ಲಾ. ಅಭ್ಯಾಸಬಲ."

"ಯಾವ್ ಮುದ್ಕ ಅಣ್ಣ?" ನಾಗೇಶ ತಲೆಯೆತ್ತಿದ. "ನಿಮ್ ಹೊತ್ನಲ್ಲಿ ಪರದೆ ಮ್ಯಾಲೆ ನೀವಿಬ್ರೇ ಇದ್ದುದ್ದು. ಬ್ಯಾರೆಯೋರ್ನ ನಾನು ಮುಚ್ಬುಟ್ಟಿದ್ದೆ."

"ಇದ್ದ ಸುಮ್ಕಿರು" ಎಂದ ಶಿವರಾಮು. ಆ ಮಾತು ಅಲ್ಲಿಗೆ ಮುಗಿಯಿತು.

ಅವರಿಬ್ಬರೂ ವ್ಯಾನು ಹತ್ತಿ ಹೋದ ಮೇಲೆ ಭಾಗ್ಯಲಕ್ಷ್ಮಿ ದೀಪ ಹಚ್ಚಿದಳು. ಜವರಯ್ಯನಿಗೆ ಹೇಳಿ ಬಂದಳು. ಮಿಲ್ಲು ಮತ್ತೆ ಗರಗರ ಶುರುವಾಯಿತು, ಎದುರು ಮನೆಯ ಟೀವಿ ಬಾಯಿ ಬಿಟ್ಟಿತು, ಹಿತ್ತಿಲ ನಾಯಿ ಇಡೀ ದಿನದ ಬಾಕಿಯನ್ನೆಲ್ಲ ಬೊಗಳತೊಡಗಿತು. ಅಕ್ಕಿ ತೊಳೆದು ಇಟ್ಟು ಬಂದಾಗ ಶಿವರಾಮು ಅದೇ ಚಾಪೆಯ ಮೇಲೆ ಕೂತು ಸ್ಯಾಕ್ಸೋಫೋನಿನ ಮೂತಿಯನ್ನು ಒರೆಸುತ್ತಿದ್ದ. ಒರೆಸುವ ಬಟ್ಟೆಯ ಮೇಲೆ ಚೂರು ರಕ್ತ ಅಂಟಿತ್ತು.

"ಮುದ್ಕನೂ ಇಲ್ಲ, ಯಾರೂ ಇಲ್ಲ" ಎಂದಳು ಅವಳು. "ನಾನೇ ಎತ್ತಿದ್ದು."

"ಯಾರ್ ಎತ್ತುದ್ರೇನಮ್ಮಿ. ಕೈ ಕಂಡ್ರೆ ನಂಗೆ ಅಷ್ಟೇಯ. ನಿಂದೇನ್ ತಪ್ಪು?"

"ನಾಯಿ ಕಟ್ಸ್ದೆ, ಮಿಲ್ ನಿಲ್ಲುಸ್ದೆ. ಊರ್ಗೆಲ್ಲ ಬಾಯ್ ಕಟ್ಸಿ ನಾನೇ ಕೆಡುಸ್ಬುಟ್ಟೆ."

"ಅವ್ರ್ಗೆಲ್ಲ ಇಷ್ಟ ಆಯ್ತಂತಲ್ಲ. ಕೊನೇನೇ ಚೆಂದ ಅಂದ್ರಂತೆ."

"ನಿಮ್ಗೆ?"

ಅವನು ಒರೆಸಿದ್ದನ್ನೇ ಮತ್ತೆ ಒರೆಸಿದ. ಗೆದ್ದು ಬಂದವನ ಹಾಗೆ ಊರೆಲ್ಲ ನಾಳೆ ಅವನನ್ನು ಮಾತಾಡಿಸುತ್ತದೆ, ಅವನು ಎಲ್ಲರಿಗೂ ಹೂಂ ಎನ್ನುತ್ತಾನೆ. ಆ ಹೂಂ ಅವಳಿಗೆ ಈಗಲೇ ಕೇಳಿಸಿತು.

ಅವಳು ಹೋಗಿ ಬಾಗಿಲ ಹತ್ತಿರ, ಮೊದಲು ಕೂತಿದ್ದಲ್ಲೇ ಕೂತಳು. ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೆ ಭಾರ ಬಿಟ್ಟಳು.

"ಈಗ ನುಡ್ಸಿ."

"ಈಗ್ಲಾ? ಮಿಲ್ ಓಡ್ತಾ ಅದೆ."

"ಓಡ್ಲಿ."

"ಡೋಲಿಲ್ಲ. ಹಲ್ ಬ್ಯಾರೆ ನೋಯ್ತದೆ ಕಣಮ್ಮಿ. ಇನ್ ಯಾರ್ ಕೇಳ್ಬೇಕು?"

"ಎದ್ರುಗೆ ಒಬ್ರು ಮನ್ಸರು ಬೇಕು ಅಂದ್ರಲ್ಲ. ನಾನಿದ್ದೀನಿ."

ಶಿವರಾಮು ಅವಳನ್ನು ನೋಡಿದ. ಅವಳ ಕೈ ಎಲ್ಲಿವೆ ಎಂದು ನೋಡಿದ. ಆಮೇಲೆ ವಾದ್ಯವನ್ನು ಕೊರಳಿಗೆ ಹಾಕಿಕೊಂಡು, ನೋಯುವ ಹಲ್ಲಿನಿಂದ ಮೂತಿಯನ್ನು ಮೆಲ್ಲಗೆ ಅದುಮಿದ. ಬಿಟ್ಟ ಕಡೆಯಿಂದಲ್ಲ, ಮೊದಲಿನಿಂದ ಹಿಡಿದ. ದನಿ ಒಡೆಯುತ್ತಿತ್ತು. ಮಿಲ್ಲಿನ ಸದ್ದಿನಲ್ಲಿ ಅರ್ಧ ಕೇಳಿಸುತ್ತಿರಲಿಲ್ಲ, ಟೀವಿಯಲ್ಲಿ ಯಾರೋ ಅಳುತ್ತಿದ್ದರು. ಅವನು ಏರಿದ. ಕೈ ಏಳುವ ಜಾಗ ದಾಟಿದ. ಮೇಲೆ ಹೋಗಿ ನಿಂತ. ಉಸಿರು ಸಾಲದೆ ನಡುವೆ ಒಮ್ಮೆ ತಡವರಿಸಿ, ಮತ್ತೆ ಹಿಡಿದು, ಇಳಿಯತೊಡಗಿದ.

ತೆರೆದೇ ಇದ್ದ ಬಾಗಿಲಿನಿಂದ ಒಂದು ಸೊಳ್ಳೆ ಬಂದು ಭಾಗ್ಯಲಕ್ಷ್ಮಿಯ ಹುಬ್ಬಿನ ಮೇಲೆ ಕೂತಿತು. ಚುಚ್ಚಿತು. ಅವಳು ರೆಪ್ಪೆಯನ್ನೂ ಅಲ್ಲಾಡಿಸದೆ, ಅದು ಕುಡಿಯುವಷ್ಟು ಕುಡಿಯಲೆಂದು ಬಿಟ್ಟು, ಹಾಗೇ ಕೂತಿದ್ದಳು.